ಮುತ್ತಜ್ಜನ ಅಜ್ಜನ ಹೆಸರು ವಿಶ್ವವಿದ್ಯಾಲಯದಲ್ಲಿ ಸಿಗುತ್ತದೆಯೇ?

ಪ್ರಶ್ನೆ: ನಮ್ಮದು ಹಾವೇರಿ ಕಡೆಯ ಒಂದು ಹಳ್ಳಿ. ಮುತ್ತಜ್ಜನವರೆಗೆ ಹೆಸರು ಗೊತ್ತು, ಅದರಾಚೆ ಯಾರಿಗೂ ನೆನಪಿಲ್ಲ. ಊರ ಗೌಡಕಿ ಒಂದು ಕಾಲಕ್ಕೆ ನಮ್ಮ ಮನೆಯಲ್ಲೇ ಇತ್ತು ಎಂದು ಹಿರಿಯರು ಹೇಳುತ್ತಾರೆ. ಧಾರವಾಡ, ಹಂಪಿಯ ವಿಶ್ವವಿದ್ಯಾಲಯಗಳಲ್ಲಿ ಹಳೆಯ ಕಾಗದ, ತಾಳೆಗರಿ ಇವೆ ಎಂದು ಕೇಳಿದ್ದೇನೆ. ಅಲ್ಲಿ ಹೋಗಿ ಮನೆತನದ ಹೆಸರು ಹೇಳಿದರೆ ವಂಶಾವಳಿ ಸಿಗುತ್ತದೆಯೇ? ಊರಿನ ಚರಿತ್ರೆ ಬರೆಯುವ ಆಸೆಯೂ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮನೆತನದ ಹೆಸರು ಹೇಳಿದರೆ ಏನೂ ಸಿಗುವುದಿಲ್ಲ. ಊರಿನ ಹೆಸರು ಹೇಳಿದರೆ ಸ್ವಲ್ಪ ಸಿಗುತ್ತದೆ. ಊರಿನ ಜೊತೆಗೆ ನಿಮ್ಮ ಮನೆಗೆ ಯಾವ ಕೆಲಸ, ಯಾವ ಜಮೀನು, ಯಾವ ಗುಡಿ, ಯಾವ ಮಠದ ನಂಟಿತ್ತು ಎಂದು ಹೇಳಿದರೆ ಜಾಸ್ತಿ ಸಿಗುತ್ತದೆ. ನಿಮ್ಮ ಪ್ರಶ್ನೆಯಲ್ಲೇ ಆ ಬೀಗದ ಕೈ ಇದೆ. ಗೌಡಕಿ ಇತ್ತು ಎಂದಿರಲ್ಲ, ಅದು.

ಹಳೆಯ ದಾಖಲೆ ಯಾವುದೂ ನಮ್ಮ ವಂಶದ ನೆನಪಿಗಾಗಿ ಬರೆದದ್ದಲ್ಲ. ಕಂದಾಯ ವಸೂಲಿಗೆ, ಇನಾಮು ಕೊಡೋದಕ್ಕೆ, ಜಗಳ ಬಗೆಹರಿಸೋದಕ್ಕೆ ಬರೆದದ್ದು. ಬರೆದವರು ಯಾವ ಕಚೇರಿಯವರೋ ಆ ಕಚೇರಿಯ ಲೆಕ್ಕದಲ್ಲಿ, ಊರಿನ ಲೆಕ್ಕದಲ್ಲಿ ಕಟ್ಟು ಕಟ್ಟಿ ಇಟ್ಟರು. ಭಂಡಾರಕ್ಕೆ ಬಂದ ಮೇಲೂ ಅದೇ ಕಟ್ಟು, ಅದೇ ಕ್ರಮ. ನಿಮ್ಮ ಮುತ್ತಜ್ಜನ ಅಜ್ಜ ಅಲ್ಲಿ ಇದ್ದರೆ, ತೆರಿಗೆ ಕಟ್ಟುವವನಾಗಿಯೋ, ಸಾಕ್ಷಿ ಹಾಕಿದವನಾಗಿಯೋ ಇರುತ್ತಾನೆ. ಅವನ ಹೆಸರಿನ ಕಟ್ಟು ಬೇರೆ ಇರುವುದಿಲ್ಲ.

ಹಾಗಾಗಿ ಮೊದಲ ಕೆಲಸ ನಿಮ್ಮ ಊರು ಯಾವ ಕಾಲದಲ್ಲಿ ಯಾರ ಕೈಕೆಳಗಿತ್ತು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು. ಸುಮ್ನೆ ಹೇಳುತ್ತಿಲ್ಲ, ಜಾಸ್ತಿ ಜನ ದಾರಿ ತಪ್ಪುವುದೇ ಇಲ್ಲಿ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚೆ ಅದು ಧಾರವಾಡ ಜಿಲ್ಲೆ. ಹಳೆಯ ಸೂಚಿಯಲ್ಲಿ ಹಾವೇರಿ ತಾಲೂಕು ಎಂದು ಹುಡುಕಿದರೆ ಸಿಗುವುದಿಲ್ಲ, ಕರಜಗಿ ತಾಲೂಕು ಎಂದು ಹುಡುಕಬೇಕು. ಹಿರೇಕೆರೂರು ಕಡೆಯವರಾದರೆ ಕೋಡ ತಾಲೂಕು. ಶಿಗ್ಗಾವಿ ಕಡೆಯವರಾದರೆ ಬಂಕಾಪುರ. 1884ರ ಧಾರವಾಡ ಗೆಜೆಟಿಯರ್‌ನಲ್ಲಿ ಇರುವುದು ಈ ಹೆಸರುಗಳೇ. 1818ರಲ್ಲಿ ಪೇಶ್ವೆಯವರು ಸೋತ ಮೇಲೆ ನಿಮ್ಮ ಭಾಗ ಕಂಪನಿ ಸರ್ಕಾರಕ್ಕೆ ಹೋಗಿ, ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅದಕ್ಕೂ ಹಿಂದಿನ ಕಾಗದ ಮರಾಠರ ದಫ್ತರಿನಲ್ಲಿರಬಹುದು, ಸವಣೂರು ನವಾಬರ ಕಡೆಯದೂ ಇರಬಹುದು.

ಬೇರೆ ಜಿಲ್ಲೆಯ ಓದುಗರೂ ಇದನ್ನು ಓದುತ್ತಿರಬಹುದು, ಅವರಿಗೊಂದು ಮಾತು. 1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ನಾಡು ಐದು ಆಡಳಿತಗಳಲ್ಲಿ ಹಂಚಿಹೋಗಿತ್ತು. ಅದಕ್ಕೆ ತಕ್ಕಂತೆ ದಾಖಲೆಗಳೂ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದ್, ಕೊಡಗು ಎಂದು ಚದುರಿವೆ. ಉತ್ತರ ಕನ್ನಡದವರ ಪಾಡು ಇನ್ನೂ ಮಜಾ. 1862ರವರೆಗೆ ಮದರಾಸು, ಆಮೇಲೆ ಮುಂಬಯಿ. ಒಂದೇ ಮನೆಯ ಅಜ್ಜನ ಕಾಗದ ಒಂದು ಪ್ರಾಂತ್ಯದಲ್ಲಿ, ಮೊಮ್ಮಗನದು ಇನ್ನೊಂದರಲ್ಲಿ.

ಇನ್ನು ವಿಶ್ವವಿದ್ಯಾಲಯಗಳಲ್ಲಿ ನಿಜಕ್ಕೂ ಏನಿದೆ ಎಂಬ ಮಾತು. ಧಾರವಾಡದಲ್ಲಿ ಕನ್ನಡ ಸಂಶೋಧನಾ ಸಂಸ್ಥೆ ಇದೆ. 1939ರಲ್ಲಿ ಅಂದಿನ ಮುಂಬಯಿ ಸರ್ಕಾರ ಶುರು ಮಾಡಿದ್ದು, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. ನಿಮ್ಮ ಸೀಮೆಗೆ ಇದೇ ತವರುಮನೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರದು. ಅಲ್ಲಿ ಹಸ್ತಪ್ರತಿಗಳಿಗೇ ಒಂದು ವಿಭಾಗ ಇದೆ, ಶಾಸನ ಸಂಪುಟಗಳನ್ನೂ ಅವರು ತಂದಿದ್ದಾರೆ. ಮೈಸೂರಿನಲ್ಲಿ ಎರಡು ಮನೆ. 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಒಂದು. ಶಾಮಾಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಸಿಕ್ಕಿದ್ದು ಅಲ್ಲಿಯೇ. ಕನ್ನಡ ಹಸ್ತಪ್ರತಿಗಳಿಗೆ ಮಾತ್ರ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಗೆ ಹೋಗಬೇಕು.

ತಾಳೆಗರಿ ಎಂದ ಕೂಡಲೇ ಅದರಲ್ಲಿ ವಂಶಾವಳಿ ಇರುತ್ತದೆ ಎಂದುಕೊಳ್ಳಬೇಡಿ. ಬಹುಪಾಲು ಕಾವ್ಯ, ಪುರಾಣ, ವೈದ್ಯ, ಜ್ಯೋತಿಷ್ಯ, ವಚನ. ಆದರೆ ಕೊನೆಯ ಗರಿ ನೋಡಿ. ನಕಲು ಮಾಡಿದವನು ಅಲ್ಲಿ ತನ್ನ ಹೆಸರು, ತಂದೆಯ ಹೆಸರು, ಊರು, ಸಂವತ್ಸರ, ಯಾರಿಗಾಗಿ ಬರೆದುಕೊಟ್ಟೆ ಎಂಬುದನ್ನು ಎಷ್ಟೋ ಸಲ ಬರೆದಿರುತ್ತಾನೆ. ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಗಳಲ್ಲಿ ಈ ಸಾಲುಗಳನ್ನು ಅಚ್ಚು ಹಾಕಿರುತ್ತಾರೆ. ಗರಿ ಮುಟ್ಟದೆ, ಸೂಚಿ ತಿರುವಿ ಹಾಕಿಯೇ ನಿಮ್ಮ ಊರಿನ ಹೆಸರು ಹುಡುಕಬಹುದು. ಯಾವುದೋ ಪುರಾಣದ ಪ್ರತಿಯನ್ನು ನಿಮ್ಮೂರ ಗೌಡರ ಮನೆಯಲ್ಲಿ ಓದಿಸಲು ಬರೆಸಿದ್ದು ಎಂಬ ಒಂದು ಸಾಲು ಸಿಕ್ಕರೂ ಅದು ಹೆಸರು, ಕಾಲ, ಊರು ಮೂರನ್ನೂ ಕೊಡುತ್ತದೆ.

ತಾಳೆಗರಿಗಿಂತ ನಿಮಗೆ ಉಪಯೋಗ ಕಡತ. ಈಗ ಕಚೇರಿಯ ಫೈಲಿಗೆಲ್ಲ ಕಡತ ಅನ್ನುತ್ತೇವೆ. ಮೂಲದಲ್ಲಿ ಅದು ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಕಪ್ಪು ಹಲಗೆಯನ್ನೇ ಮಡಿಸಿಟ್ಟ ಹಾಗೆ. ಊರ ಲೆಕ್ಕ, ಮಠದ ಲೆಕ್ಕ, ಅಂಗಡಿಯ ಬಾಕಿ ಎಲ್ಲ ಅದರಲ್ಲಿ. ಬಳಪದ ಬರಹ ಉಜ್ಜಿದರೆ ಹೋಗುತ್ತದೆ, ಆದ್ದರಿಂದ ಕೈಗೆ ಕೊಡಲು ಸಿಬ್ಬಂದಿ ಹಿಂದೆ ಮುಂದೆ ನೋಡಿದರೆ ಬೇಜಾರಾಗಬೇಡಿ.

ಆಮೇಲೆ ಕೈಫಿಯತ್ತು. ಕಾಲಿನ್ ಮೆಕೆಂಜಿ ಎಂಬ ಸರ್ವೆ ಅಧಿಕಾರಿ, 1821ರಲ್ಲಿ ತೀರಿಕೊಂಡವನು, ತನ್ನ ಜನರನ್ನು ಊರೂರಿಗೆ ಕಳಿಸಿ ಅಲ್ಲಿನ ಶಾನುಭೋಗರು, ಹಿರಿಯರು ಹೇಳಿದ ಸ್ಥಳದ ಕಥೆಯನ್ನು ಬರೆಸಿಕೊಂಡ. ಊರು ಯಾರು ಕಟ್ಟಿದರು, ಕೆರೆ ಯಾರು ಕಟ್ಟಿದರು, ಪಾಳೆಯಗಾರರ ಪೀಳಿಗೆ ಯಾವುದು ಎಂದೆಲ್ಲ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ್ದಾರೆ, ಹಂಪಿ ವಿಶ್ವವಿದ್ಯಾಲಯ ಪ್ರಕಟಿಸಿದೆ. ಅಚ್ಚಿನಲ್ಲೇ ಸಿಗುವಾಗ ಮೂಲ ಕಾಗದ ಇರುವ ಚೆನ್ನೈಗೆ ಓಡುವುದು ಬೇಡ.

ಊರಿನ ಚರಿತ್ರೆಗೆ ಶಾಸನ ಬೇಕೇ ಬೇಕು. ಹಳೆ ಮೈಸೂರಿನವರಿಗೆ ಬಿ. ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಇದೆ, ಮೊದಲ ಸಂಪುಟ 1886ರದು. ತಾಲೂಕುವಾರು ಜೋಡಿಸಿದ್ದರಿಂದ ಹುಡುಕುವುದು ಸುಲಭ. ನಿಮ್ಮ ಭಾಗಕ್ಕೆ ಅದು ಬರುವುದಿಲ್ಲ. ದಕ್ಷಿಣ ಭಾರತದ ಶಾಸನಗಳು ಎಂಬ ಮಾಲೆಯ 11, 15, 18, 20ನೇ ಸಂಪುಟಗಳನ್ನು ಕೇಳಿ. ಅವು ಮುಂಬಯಿ ಕರ್ನಾಟಕದವು. ಹಾವೇರಿ ಸೀಮೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಾಸನ, ವೀರಗಲ್ಲು ಯಥೇಚ್ಛ. ಆಗಿನ ಆಡಳಿತ ವಿಭಾಗಗಳ ಹೆಸರಿನ ಜೊತೆ ಒಂದು ಸಂಖ್ಯೆ ಇರುತ್ತಿತ್ತು. ನಿಮ್ಮ ಊರು ಬನವಾಸಿ 12000ದಲ್ಲಿತ್ತೋ, ಪಾನುಂಗಲ್ಲು 500ರಲ್ಲಿತ್ತೋ ಅಲ್ಲಿ ತಿಳಿಯುತ್ತದೆ. ಒಂದು ಎಚ್ಚರ. ಶಾಸನದಲ್ಲಿ ಊರ ಗಾವುಂಡನ ಹೆಸರು ಕಂಡ ಕೂಡಲೇ ‘ಇವನೇ ನಮ್ಮ ಮೂಲಪುರುಷ’ ಎಂದು ಬರೆಯಬೇಡಿ. ಅವನಿಗೂ ನಿಮ್ಮ ಮುತ್ತಜ್ಜನಿಗೂ ನಡುವೆ ಏಳೆಂಟು ನೂರು ವರ್ಷ. ಬರ, ದಂಡು, ಗುಳೆ ಎಲ್ಲ ಆಗಿಹೋಗಿವೆ. ಊರು ಅದೇ ಇರಬಹುದು, ಮನೆ ಅದೇ ಎನ್ನಲು ಆಧಾರ ಇರುವುದಿಲ್ಲ.

ಯಾರೂ ಹೇಳದ ಒಂದು ಗಣಿ ಇದೆ. ಅದು ಪಿಎಚ್‌.ಡಿ., ಎಂ.ಫಿಲ್. ಪ್ರಬಂಧಗಳು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಥ ತಾಲೂಕಿನ ಸಾಂಸ್ಕೃತಿಕ ಅಧ್ಯಯನ, ಇಂಥ ತಾಲೂಕಿನ ಸ್ಥಳನಾಮಗಳು, ಇಂಥ ದೇವರ ಜಾತ್ರೆ ಎಂದು ರಾಶಿ ಪ್ರಬಂಧಗಳಾಗಿವೆ. ಕೆಲವು ಓದುವುದೇ ಕಷ್ಟ, ನಿಜ. ಆದರೂ ಕೊನೆಯ ಪುಟಗಳಿಗೆ ಹೋಗಿ. ಅಲ್ಲಿ ವಕ್ತೃಗಳ ಪಟ್ಟಿ ಇರುತ್ತದೆ. ಯಾವ ಊರಿನ ಯಾವ ಅಜ್ಜ, ಅಜ್ಜಿ ಮಾಹಿತಿ ಕೊಟ್ಟರು, ಅವರ ವಯಸ್ಸು ಎಷ್ಟು ಎಂದು. 1980ರಲ್ಲಿ 80 ದಾಟಿದ್ದ ನಿಮ್ಮೂರ ಹಿರಿಯರೊಬ್ಬರು ಯಾರ ಮುಂದೋ ಕೂತು ಊರ ಕಥೆಯನ್ನೆಲ್ಲ ಹೇಳಿರಬಹುದು. ಪ್ರಬಂಧದಲ್ಲಿ ಎರಡೇ ಸಾಲು ಬಂದಿದ್ದರೂ ಬರೆದವರ ಬಳಿ ಟಿಪ್ಪಣಿ, ಕ್ಯಾಸೆಟ್ ಉಳಿದಿರಬಹುದು, ಕೇಳಿ ನೋಡಿ. ಶೋಧಗಂಗಾ ಎಂಬ ಜಾಲತಾಣದಲ್ಲಿ ಪಿಎಚ್‌.ಡಿ. ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ಮನೆಯಲ್ಲೇ ಕೂತು ಈ ವಾರವೇ ನೋಡಬಹುದು.

ಈಗ ಗೌಡಕಿಗೆ ಬರೋಣ. ಗೌಡಕಿ, ಕುಲಕರ್ಣಿಕಿ, ತಳವಾರಿಕೆ ಇವೆಲ್ಲ ವತನ. ಮನೆತನಕ್ಕೆ ಸೇರಿದ ಕೆಲಸ, ಅದಕ್ಕೆ ತಕ್ಕ ಜಮೀನು. ಕೆಲಸ ತಂದೆಯಿಂದ ಮಗನಿಗೆ ಹೋಗುವುದಾದರೆ ಯಾರು ಯಾರ ಮಗ ಎಂದು ಸರ್ಕಾರಕ್ಕೆ ಗೊತ್ತಿರಬೇಕು, ಅಲ್ವಾ? ವಂಶಾವಳಿ ಹುಟ್ಟುವುದು ಅಲ್ಲೇ. ನಿಮ್ಮ ಕಡೆ ಅದಕ್ಕೆ ಕುರ್ಸಿನಾಮೆ ಎನ್ನುತ್ತಿದ್ದರು. 1852ರ ಕಾಯ್ದೆಯಡಿ ಮುಂಬಯಿ ಸರ್ಕಾರದ ಇನಾಮ್ ಕಮಿಷನ್ ಇನಾಮುದಾರರನ್ನೆಲ್ಲ ನಿಲ್ಲಿಸಿ ‘ಸನದು (ಇನಾಮು ಕೊಟ್ಟ ಪತ್ರ) ತೋರಿಸಿ, ಪೀಳಿಗೆ ಹೇಳಿ’ ಎಂದು ಕೇಳಿತು. 1874ರ ವತನ ಕಾಯ್ದೆ ಬಂದ ಮೇಲೆ ಯಾವ ಕವಲಿನವರು ಕೆಲಸಕ್ಕೆ ಹಕ್ಕುದಾರರು ಎಂದು ರಿಜಿಸ್ಟರಿಗೆ ಏರಿತು. 1961ರ ಕಾಯ್ದೆ ಈ ಪಿತ್ರಾರ್ಜಿತ ಹುದ್ದೆಗಳನ್ನೇ ತೆಗೆದುಹಾಕಿತು. ಆಗ ಜಮೀನು ಮರಳಿ ಮಂಜೂರಾಗಲು ವಾರಸುದಾರರೆಲ್ಲ ಮತ್ತೆ ಅರ್ಜಿ ಹಾಕಿದರು. ಅಂದರೆ ನೂರು ಚಿಲ್ಲರೆ ವರ್ಷದಲ್ಲಿ ಮೂರು ಸಲ ನಿಮ್ಮಂಥ ಮನೆತನಗಳ ಪೀಳಿಗೆ ಕಾಗದಕ್ಕೆ ಬಂದಿದೆ.

ಈ ಕಾಗದ ವಿಶ್ವವಿದ್ಯಾಲಯದಲ್ಲಿ ಇರುವುದಕ್ಕಿಂತ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ, ರಾಜ್ಯ ಪತ್ರಾಗಾರದಲ್ಲಿ, ಹಳೆಯದಾದರೆ ಪುಣೆಯ ಪೇಶ್ವೆ ದಫ್ತರಿನಲ್ಲಿ ಇರುವ ಸಂಭವ ಹೆಚ್ಚು. ಹಾಗಂತ ವಿಶ್ವವಿದ್ಯಾಲಯ ಬಿಟ್ಟು ನೇರ ಅಲ್ಲಿಗೆ ಹೋಗಬೇಡಿ. ಯಾವ ವರ್ಷ, ಯಾವ ತಾಲೂಕು, ಯಾವ ಕಾಯ್ದೆ ಎಂದು ಗೊತ್ತಿಲ್ಲದೆ ರೆಕಾರ್ಡ್ ರೂಮಿನ ಬಾಗಿಲಲ್ಲಿ ನಿಂತರೆ ನಾಳೆ ಬನ್ನಿ ಎಂಬ ಉತ್ತರ ಬಿಟ್ಟು ಬೇರೇನೂ ಸಿಗುವುದಿಲ್ಲ. ನನಗೂ ಹಾಗೆ ಆಗಿದೆ. ಮೂರು ಸಲ ಹೋದ ಮೇಲೆ, ಕೇಳಿದ ಕಟ್ಟನ್ನು ಗೆದ್ದಲು ತಿಂದು ಎಷ್ಟೋ ಕಾಲವಾಯಿತು ಎಂದರು.

ಗೌಡಕಿ ಇಲ್ಲದ ಮನೆಗಳೇ ಊರಲ್ಲಿ ಜಾಸ್ತಿ. ಊರಿನ ಚರಿತ್ರೆ ಬರೆಯುವುದಾದರೆ ಅವರನ್ನು ಬಿಡುವಂತಿಲ್ಲ. ಗೇಣಿ ಮಾಡಿದವರ ಬಗ್ಗೆ ಒಳ್ಳೆಯ ದಾಖಲೆ ಎಂದರೆ 1974ರ ಭೂಸುಧಾರಣೆಯ ನಂತರದ ಫಾರಂ 7. ಉಳುವವರು ಹಾಕಿದ ಡಿಕ್ಲರೇಶನ್ ಅದು. ನಮ್ಮಪ್ಪ ಉಳುತ್ತಿದ್ದ, ಅವರಪ್ಪ ಉಳುತ್ತಿದ್ದ ಎಂದು ಭೂ ನ್ಯಾಯಮಂಡಳಿಯ ಮುಂದೆ ಕೊಟ್ಟ ಹೇಳಿಕೆಗಳು ಆ ಕಡತದಲ್ಲಿ ಇರುತ್ತವೆ. ಬೇರೆಲ್ಲೂ ಹೆಸರೇ ಬರದ ಮನೆಗಳ ಎರಡು ಮೂರು ತಲೆಮಾರು ಅಲ್ಲಿ ಸಿಗಬಹುದು. ಶಾಲೆಯ ದಾಖಲಾತಿ ರಿಜಿಸ್ಟರೂ ಒಳ್ಳೆಯದು, ಹುಟ್ಟಿದ ತಾರೀಕು ಮಾತ್ರ ನಂಬಬೇಡಿ. ನಮ್ಮ ನಾಡಿನಲ್ಲಿ ಜೂನ್ 1ರಂದು ಹುಟ್ಟಿದವರು ಅಷ್ಟು ಜನ ಯಾಕಿದ್ದಾರೆ ಎಂದು ಯಾವ ಮೇಷ್ಟ್ರನ್ನು ಕೇಳಿದರೂ ನಗುತ್ತಾರೆ. ಜನಗಣತಿಯಲ್ಲಿ ಮನೆಮನೆಯ ಹೆಸರು ಸಿಗುತ್ತದೆ ಎಂದು ಕೆಲವರು ಆಸೆ ಇಟ್ಟುಕೊಂಡಿರುತ್ತಾರೆ. ನಮ್ಮ ದೇಶದಲ್ಲಿ ಆ ಚೀಟಿಗಳನ್ನು ನೋಡಲು ಬಿಡುವುದಿಲ್ಲ, 1948ರ ಕಾಯ್ದೆಯೇ ಹಾಗಿದೆ. ಊರಿನ ಒಟ್ಟು ಲೆಕ್ಕ ಮಾತ್ರ ಜಿಲ್ಲಾ ಜನಗಣತಿ ಕೈಪಿಡಿಗಳಲ್ಲಿ ಸಿಗುತ್ತದೆ.

ಕಾಗದ ಸಿಕ್ಕ ಮೇಲಿನ ಕಷ್ಟ ಲಿಪಿಯದು. ಪೇಶ್ವೆ ಕಾಲದ ನಿಮ್ಮ ಭಾಗದ ಕಾಗದ ಮೋಡಿ ಲಿಪಿಯಲ್ಲಿರುತ್ತದೆ. ಪೆನ್ನು ಎತ್ತದೆ ಓಡಿಸಿ ಬರೆದ ಮರಾಠಿ. ಓದಬಲ್ಲವರು ಈಗ ಕಡಿಮೆ, ಆದರೆ ಇದ್ದಾರೆ. ಧಾರವಾಡದಲ್ಲೂ ಪುಣೆಯಲ್ಲೂ ವಿಚಾರಿಸಿ. ಓದಿಸುವ ಮೊದಲು ಎಷ್ಟು ಹಾಳೆಗೆ ಎಷ್ಟು ಹಣ ಎಂದು ಮಾತಾಡಿಕೊಳ್ಳಿ, ಅದು ಅವರ ದುಡಿಮೆ.

ವರ್ಷದ ಲೆಕ್ಕವೂ ಬೇರೆ ಬೇರೆ. ಇಸವಿ ತಿಳಿಯಲು, ಶಕ ವರ್ಷವಾದರೆ 78 ಕೂಡಿಸಿ. ಕಂದಾಯ ಲೆಕ್ಕದ ಫಸಲಿ ವರ್ಷವಾದರೆ 590. ಮರಾಠಿ ಕಾಗದದಲ್ಲಿ ಸುಹೂರ್ ಸನ್ ಎಂದಿದ್ದರೆ 599, ಅದನ್ನು ಅಂಕಿಯಲ್ಲಿ ಬರೆಯದೆ ಅರಬಿ ಮಾತುಗಳಲ್ಲಿ ಬರೆದಿರುತ್ತಾರೆ. ತಿಂಗಳ ಮೇಲೆ ಒಂದು ವರ್ಷ ಆಚೀಚೆ ಆಗುತ್ತದೆ. ಬರೀ ಸಂವತ್ಸರದ ಹೆಸರಿದ್ದರೆ ತಲೆನೋವು, ಯಾಕೆಂದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಬಹುಧಾನ್ಯ ಎಂದಷ್ಟೇ ಇದ್ದರೆ ಅದು 1758, 1818, 1878 ಯಾವುದೂ ಆಗಬಹುದು. ಶಕ 1740 ಬಹುಧಾನ್ಯ ಎಂದಿದ್ದರೆ 1818, ಅನುಮಾನವಿಲ್ಲ.

ಎಲ್ಲಕ್ಕಿಂತ ದೊಡ್ಡ ಮೋಸ ಹೆಸರಿನದು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮ ರೂಢಿ. ನಾನು ಹಿಂದೊಮ್ಮೆ ಒಂದು ಮನೆತನದ ಕಾಗದ ಜೋಡಿಸುತ್ತಿದ್ದೆ. ಕಲ್ಲಪ್ಪ ಎಂಬಾತ ತೊಂಬತ್ತು ವರ್ಷ ಗೌಡಕಿ ಮಾಡಿದ ಹಾಗೆ ಕಂಡಿತು. ಗಟ್ಟಿ ಮುದುಕ ಎಂದುಕೊಂಡೆ. ಆಮೇಲೆ ನೋಡಿದರೆ ಅವನು ಒಬ್ಬನಲ್ಲ, ಕಲ್ಲಪ್ಪ ಮತ್ತು ಅವನ ಮೊಮ್ಮಗ ಕಲ್ಲಪ್ಪ. ನಡುವಿನ ಬಸಪ್ಪನ ಹೆಸರು ನಾಲ್ಕೇ ಕಡೆ ಬಂದಿತ್ತು. ಹಾಗಾಗಿ ಒಂಟಿ ಹೆಸರನ್ನು ನಂಬಬೇಡಿ, ಜೋಡಿ ಹೆಸರನ್ನು ಹಿಡಿಯಿರಿ. ಬಸಪ್ಪ ಬಿನ್ ಕಲ್ಲಪ್ಪ ಎಂದರೆ ಕಲ್ಲಪ್ಪನ ಮಗ ಬಸಪ್ಪ. ಮಲ್ಲವ್ವ ಕೋಂ ಬಸಪ್ಪ ಎಂದರೆ ಬಸಪ್ಪನ ಹೆಂಡತಿ ಮಲ್ಲವ್ವ. ಉರ್ಫ್, ಯಾನೆ ಬಂದರೆ ಇನ್ನೊಂದು ಹೆಸರು. ದತ್ತು ಬಂದವನು ಒಂದು ಕಾಗದದಲ್ಲಿ ಹೆತ್ತ ತಂದೆಯ ಹೆಸರಿನಲ್ಲಿ, ಇನ್ನೊಂದರಲ್ಲಿ ಸಾಕಿದ ತಂದೆಯ ಹೆಸರಿನಲ್ಲಿ ಇರುತ್ತಾನೆ.

ಹೆಣ್ಣುಮಕ್ಕಳನ್ನು ಕುರ್ಸಿನಾಮೆಯಲ್ಲಿ ಬರೆಯುತ್ತಿರಲಿಲ್ಲ. ವತನಕ್ಕೆ ಅವರ ಲೆಕ್ಕ ಬೇಡವಾಗಿತ್ತು. ಗಂಡ ತೀರಿಕೊಂಡು ಮಗ ಚಿಕ್ಕವನಿದ್ದಾಗ ಮಾತ್ರ ಕಾಣುತ್ತಾರೆ. ವಾರಸಾ ನೋಂದಣಿಯಲ್ಲಿ, ವಾಟ್ನಿ (ಪಾಲು ವಿಭಾಗದ) ಪತ್ರದಲ್ಲಿ, ದತ್ತು ಪತ್ರದಲ್ಲಿ ಹುಡುಕಿ. ಮುತ್ತಜ್ಜಿಯ ತವರೂರು ಮನೆಯ ಹಿರಿಯ ಹೆಂಗಸರಿಗೆ ಗೊತ್ತಿರುತ್ತದೆ, ಮೊದಲು ಅವರನ್ನು ಕೇಳಿ. ಎಷ್ಟೋ ಸಲ ಅವರ ತವರಿನಲ್ಲೇ ನಿಮ್ಮ ಮನೆಯ ಕಾಗದ ಉಳಿದಿರುತ್ತದೆ. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಇದು ತಿರುಗುಮುರುಗು, ಅಲ್ಲಿ ಪೀಳಿಗೆ ತಾಯಿಯ ಕಡೆಯಿಂದಲೇ ನಡೆಯುತ್ತದೆ.

ಸಿಕ್ಕ ವಂಶಾವಳಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಇನಾಮು ಉಳಿಸಿಕೊಳ್ಳಲು ಕೊಟ್ಟ ಪೀಳಿಗೆ ಅದು. ಎರಡು ತಲೆಮಾರು ಜಾಸ್ತಿ ಸೇರಿಸಿದರೆ ಹಕ್ಕು ಹಳೆಯದಾಗುತ್ತದೆ. ಜಗಳದಲ್ಲಿದ್ದ ದಾಯಾದಿಯ ಕವಲನ್ನು ಬಿಟ್ಟವರೂ ಇದ್ದಾರೆ. ಎದುರು ಪಕ್ಷದವರು ಕೊಟ್ಟ ಕುರ್ಸಿನಾಮೆ ಅದೇ ಕಡತದಲ್ಲಿ ಇದ್ದರೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಎರಡರಲ್ಲೂ ಇರುವುದನ್ನು ಮೊದಲು ಬರೆದುಕೊಳ್ಳಿ. ಹಳೆಯ ಕಾಗದದಲ್ಲಿ ಊರಿನ ಜಾತಿಗಳನ್ನು ಕೀಳಾಗಿ ಕರೆದ ಮಾತುಗಳೂ ಇರುತ್ತವೆ. ನೀವು ಅಚ್ಚು ಹಾಕಿಸುವಾಗ ಅದನ್ನು ಓದುವವರು ಅದೇ ಮನೆಗಳ ಮೊಮ್ಮಕ್ಕಳು ಎಂಬ ನೆನಪಿರಲಿ.

ಭಂಡಾರಕ್ಕೆ ಹೋಗುವ ಮುನ್ನ ಪತ್ರ ಬರೆಯಿರಿ. ಊರು, ಹಳೆಯ ತಾಲೂಕಿನ ಹೆಸರು, ಯಾವ ಕಾಲದ ಏನು ಬೇಕು ಎಂದು ನಾಲ್ಕು ಸಾಲು ಸಾಕು. ಗುರುತಿನ ಚೀಟಿ ಒಯ್ಯಿರಿ, ಪರಿಚಯದ ಒಂದು ಪತ್ರ ಇದ್ದರೆ ಇನ್ನೂ ಒಳ್ಳೆಯದು. ಪೆನ್ನು ಬೇಡ, ಪೆನ್ಸಿಲ್. ಫೋಟೋ ಕೇಳಿಯೇ ತೆಗೆಯಿರಿ, ಫ್ಲ್ಯಾಶ್ ಹಾಕಬೇಡಿ. ಕಟ್ಟಿನ ಸಂಖ್ಯೆ, ಹಾಳೆಯ ಸಂಖ್ಯೆ ಅಲ್ಲೇ ಬರೆದುಕೊಳ್ಳಿ, ಮನೆಗೆ ಬಂದ ಮೇಲೆ ಯಾವ ಫೋಟೋ ಯಾವ ಕಟ್ಟಿನದು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಮೊದಲ ದಿನ ಮೂಲ ಕಾಗದ ಕೇಳಲೇಬೇಡಿ. ಸೂಚಿ ಕೇಳಿ, ಇಡೀ ದಿನ ಅದನ್ನೇ ಓದಿ. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಸಿಬ್ಬಂದಿಗೆ ಸೂಚಿಯಲ್ಲಿ ಇಲ್ಲದ್ದೂ ಗೊತ್ತಿರುತ್ತದೆ, ಚಹಾದ ಹೊತ್ತಿನಲ್ಲಿ ಮಾತಾಡಿಸಿ.

ಇಷ್ಟೆಲ್ಲ ಹೇಳಿದರೂ, ನಿಮ್ಮ ಮೊದಲ ಪ್ರಶ್ನೆಗೆ ಹತ್ತಿರದ ಉತ್ತರ ಇರುವುದು ಯಾವ ವಿಶ್ವವಿದ್ಯಾಲಯದಲ್ಲೂ ಅಲ್ಲ, ಹೆಳವರ ಹತ್ತಿರ. ಮನೆತನದ ಹೆಸರು ಹೇಳಿದರೆ ಪೀಳಿಗೆ ಹೇಳುವವರು ನಮ್ಮ ನಾಡಿನಲ್ಲಿ ಅವರೇ. ಎತ್ತಿನ ಮೇಲೆ ಕೂತು ಬರುತ್ತಿದ್ದರು. ಈಗ ಬಸ್ಸು, ಬೈಕು. ಅಂಗಳದಲ್ಲಿ ನಿಂತು ಮೂಲ ಎಲ್ಲಿಯದು, ಯಾರು ಎಲ್ಲಿಂದ ವಲಸೆ ಬಂದರು, ಯಾವ ಕವಲು ಯಾವ ಊರಿಗೆ ಹೋಯಿತು ಎಂದು ಸರಾಗವಾಗಿ ಹೇಳುತ್ತಾರೆ. ಆಮೇಲೆ ಪುಸ್ತಕ ತೆರೆದು ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸುತ್ತಾರೆ. ಒಂದೊಂದು ಹೆಳವರ ಮನೆಗೆ ಇಂತಿಂಥ ಊರು, ಇಂತಿಂಥ ಮನೆತನ ಎಂದು ಹಂಚಿಕೆ ಇರುತ್ತದೆ. ಹಾಗಾಗಿ ಯಾವುದೋ ಹೆಳವರು ಸಾಲದು, ನಿಮ್ಮ ಮನೆಯ ಹೆಳವರೇ ಬೇಕು. ಅವರ ಹೊಗಳಿಕೆಯನ್ನು ಸ್ವಲ್ಪ ಕಳೆದು, ಹೆಸರುಗಳ ಸಾಲನ್ನು ಹಿಡಿದುಕೊಂಡು ಹೋದರೆ ಭಂಡಾರದ ಕಾಗದ ಎಷ್ಟೋ ಬೇಗ ಬಾಯಿ ಬಿಡುತ್ತದೆ.

ಅವರು ಬರುವುದು ಸುಗ್ಗಿ ಮುಗಿದ ಮೇಲೆ, ಕೆಲವು ವರ್ಷಕ್ಕೊಮ್ಮೆ. ಕಳೆದ ಸಲ ಯಾವಾಗ ಬಂದಿದ್ದರು, ಅವರ ಊರು ಯಾವುದು ಎಂದು ಊರಿನ ಹಿರಿಯರನ್ನು ಇವತ್ತೇ ಕೇಳಿ. ಕಾಯುವುದು ಬೇಡ ಎನಿಸಿದರೆ ನೀವೇ ಅವರ ಊರಿಗೆ ಹೋಗಿ. ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ. ಮನೆಯಿಂದ ಅವರಿಗೆ ಸಲ್ಲುವ ಕಾಳು, ಬಟ್ಟೆ ಎಷ್ಟು ವರ್ಷದಿಂದ ಬಾಕಿ ಇದೆ ಎಂಬುದೂ ಅದೇ ಪುಸ್ತಕದಲ್ಲಿ ಬರೆದಿರಬಹುದು, ಕೊಡಲು ತಯಾರಾಗಿಯೇ ಹೋಗಿ.